ಮಕ್ಕಳ ಲೈಫ್ ಜಾಕೆಟ್: ಕಾರವಾರದ ಅಳಿವೆಯಲ್ಲಿ, ಶಿರಸಿಯ ಹೊಳೆಗಳಲ್ಲಿ ಬಳಸಿ ನೋಡಿದ ಮೇಲೆ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿಯುವ ಕುಟುಂಬಗಳು ಟೋಪಿ, ನೀರಿನ ಬಾಟಲಿ, ಬುತ್ತಿ, ಬದಲಿ ಬಟ್ಟೆ ಎಲ್ಲವನ್ನೂ ಮನೆಯಿಂದಲೇ ಒಯ್ಯುತ್ತವೆ; ಲೈಫ್ ಜಾಕೆಟ್ ಒಂದನ್ನು ಮಾತ್ರ ಬೋಟು ಹತ್ತುವ ಧಕ್ಕೆಯಲ್ಲಿ ಬೋಟಿನವರು ಕೊಡುತ್ತಾರೆ ಎಂಬ ಭರವಸೆಯ ಮೇಲೆ ಬಿಟ್ಟುಬಿಡುತ್ತವೆ. ಬೋಟಿನವರು ಕೊಡುವುದು ನಿಜ, ಆದರೆ ಕೊಟ್ಟದ್ದು ಏಳು ವರ್ಷದ ಮಗುವಿನ ಮೈಗೆ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಬೇಸಿಗೆಯಲ್ಲಿ ನಾವು ಮಗಳಿಗೂ ಮಗನಿಗೂ ಸ್ವಂತ ಜಾಕೆಟ್ ಕೊಂಡು, ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ, ಮಾಜಾಳಿ ಮತ್ತು ಗೋಕರ್ಣದ ಕಡಲಿನಲ್ಲಿ, ಶಿರಸಿ ಸುತ್ತಲಿನ ಹೊಳೆಗಳಲ್ಲಿ ಬಳಸಿದೆವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಮಗುವಿನ ತೂಕಕ್ಕೆ ಸರಿಯಾದ, ಕುತ್ತಿಗೆಯ ಹಿಂದೆ ದಪ್ಪ ಕಾಲರ್ ಇರುವ, ತೊಡೆಸಂದಿಯಿಂದ ಹಾದು ಬರುವ ಪಟ್ಟಿ ಇರುವ ಜಾಕೆಟ್ ನೀರಿನ ಹತ್ತಿರ ಹೋಗುವ ಪ್ರತಿ ಕುಟುಂಬವೂ ಕೊಳ್ಳಬೇಕಾದ ವಸ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸಣ್ಣ ಮಕ್ಕಳಿಗೆ ಅದನ್ನು ಕೊಳ್ಳಬೇಡಿ.

ಸ್ವಂತದ್ದು ಬೇಕೆಂದು ನಿರ್ಧರಿಸಲು ಕಾರಣವಿತ್ತು. ಹಿಂದೊಮ್ಮೆ ಈ ಕರಾವಳಿಯ ಒಂದು ಕಡೆ ಡಾಲ್ಫಿನ್ ತೋರಿಸುವ ಬೋಟು ಹತ್ತಿದಾಗ ನಮಗೆ ಸಿಕ್ಕಿದ್ದು ಬಣ್ಣ ಮಾಸಿದ ಕೇಸರಿ ಜಾಕೆಟ್‌ಗಳು. ಎಲ್ಲವೂ ದೊಡ್ಡವರ ಅಳತೆಯವು. ಮಗಳಿಗೆ ಕೊಟ್ಟದ್ದರ ಒಂದು ಬಕಲ್ ಮುರಿದಿತ್ತು, ಪಟ್ಟಿಯನ್ನು ಗಂಟು ಹಾಕಿ ಕಟ್ಟಿದ್ದರು. ಒಳಗಿನ ಫೋಮು ಕೈಯಿಂದ ಒತ್ತಿದರೆ ಪುಡಿಪುಡಿಯಾದಂತೆ ಸರಿದಾಡುತ್ತಿತ್ತು. ಚಿಕ್ಕ ಅಳತೆಯದು ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂಬ ಉತ್ತರ ಬಂದಾಗ ನಾವು ಇಳಿದುಬಿಟ್ಟೆವು. ಇಲ್ಲಿನ ನೀರಿನಲ್ಲಿ ಇದು ಸಣ್ಣ ವಿಷಯವಲ್ಲ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡ ನೋವು ಈ ಊರಿನ ನೆನಪಿನಿಂದ ಇನ್ನೂ ಹೋಗಿಲ್ಲ. ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದೆ ಎಂಬುದು ಅಳಿವೆಯ ನೀರಿನಲ್ಲಿ ಯಾವ ರಕ್ಷಣೆಯೂ ಅಲ್ಲ. ಕಡಲಿನ ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತವೂ ಕಡಲಿನ ಸೆಳೆತವೂ ಒಂದೇ ದಿಕ್ಕಿಗೆ ಕೂಡಿಕೊಂಡು ಹೊರಕ್ಕೆ ಎಳೆಯುತ್ತವೆ, ಅದರ ಎದುರು ಒಳ್ಳೆಯ ಈಜುಗಾರನೂ ಬೇಗ ಸೋಲುತ್ತಾನೆ.

ಜಾಕೆಟ್ ಕೊಳ್ಳುವ ಮೊದಲು ಅದರ ಮೇಲಿನ ಅಂಕಿಯನ್ನು ಓದಲು ಕಲಿಯಬೇಕು. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12402ರ ಪ್ರಕಾರ ತೇಲುವ ಉಡುಪುಗಳನ್ನು 50, 100, 150, 275 ಎಂಬ ದರ್ಜೆಗಳಲ್ಲಿ ವಿಂಗಡಿಸುತ್ತಾರೆ; ಅಂಕಿ ಇರುವುದು ನ್ಯೂಟನ್ ಲೆಕ್ಕದಲ್ಲಿ, ಸುಮಾರಾಗಿ 10 ನ್ಯೂಟನ್ ಎಂದರೆ ಒಂದು ಕೆ.ಜಿ. ಭಾರವನ್ನು ಎತ್ತಿ ಹಿಡಿಯುವ ಬಲ. ದೊಡ್ಡವರೊಬ್ಬರ ತಲೆ ನೀರಿನ ಮೇಲಿರಲು 3ರಿಂದ 5 ಕೆ.ಜಿ.ಯಷ್ಟು ಹೆಚ್ಚಿನ ತೇಲುಬಲ ಸಿಕ್ಕರೆ ಸಾಕಾಗುತ್ತದೆ, ಏಕೆಂದರೆ ಮೈಯ ಬಹುಪಾಲು ಭಾರವನ್ನು ನೀರೇ ಹೊರುತ್ತದೆ. ಹಾಗಾದರೆ 50ರ ದರ್ಜೆಯೇ ಸಾಕಲ್ಲವೇ ಎಂದು ಅನಿಸಬಹುದು. ವ್ಯತ್ಯಾಸ ಇರುವುದು ಪ್ರಜ್ಞೆ ತಪ್ಪಿದಾಗ. 50ರದ್ದು ಈಜು ಬಲ್ಲವರಿಗೆ, ದಡವೂ ನೆರವೂ ಹತ್ತಿರವಿರುವ ಕಡೆಗೆ ಮಾಡಿದ್ದು. ಕವುಚಿ ಬಿದ್ದವರನ್ನು ಅಂಗಾತ ತಿರುಗಿಸುವ ಹೊಣೆ ಅದಕ್ಕಿಲ್ಲ. ಶಾಂತ ನೀರಿಗೆ 100, ತೆರೆದ ಕಡಲಿಗೆ 150 ಎಂಬುದು ವಾಡಿಕೆ. ಮಕ್ಕಳ ಅಳತೆಗಳಲ್ಲಿ ತೂಕಕ್ಕೆ ತಕ್ಕಂತೆ ನಿಜವಾದ ತೇಲುಬಲ ಕಡಿಮೆ ಇರುತ್ತದೆ; ಆದ್ದರಿಂದ ದರ್ಜೆಯ ಅಂಕಿಯ ಜೊತೆಗೆ ಎಷ್ಟು ಕೆ.ಜಿ. ತೂಕದವರಿಗೆ ಎಂದು ಒಳಬದಿಯ ಚೀಟಿಯಲ್ಲಿ ಬರೆದಿರುವುದನ್ನು ಓದಲೇಬೇಕು. ಚೀಟಿಯೇ ಇಲ್ಲದ ಜಾಕೆಟ್ ಎಷ್ಟೇ ಹೊಳೆಯುತ್ತಿದ್ದರೂ ನನ್ನ ದೃಷ್ಟಿಯಲ್ಲಿ ಅದು ಬರೀ ಬಟ್ಟೆ. ಹಿಂದಿನ ಕಾಲದ ಜಾಕೆಟ್‌ಗಳಲ್ಲಿ ನಮ್ಮ ಬೂರುಗದ ಕುಟುಂಬಕ್ಕೇ ಸೇರಿದ ಮರದ ಹತ್ತಿಯನ್ನು ತುಂಬುತ್ತಿದ್ದರು, ಎಣ್ಣೆ ತಗುಲಿದರೆ ಅದರ ತೇಲುವ ಗುಣ ಹೋಗುತ್ತಿತ್ತು. ಈಗಿನ ಮುಚ್ಚಿದ ಗುಳ್ಳೆಗಳ ಫೋಮಿಗೆ ಆ ತೊಂದರೆ ಇಲ್ಲ, ಆದರೆ ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ, ಮೇಲೆ ಕುಳಿತು ಅಮುಕಿದರೆ ಅದೂ ಸಾಯುತ್ತದೆ.

ನಾವು ಕೊಂಡದ್ದು ಕಾರವಾರದಲ್ಲಿ ಮೀನುಗಾರರಿಗೆ ಬಲೆ, ಹಗ್ಗ, ತೇಲುಗುಂಡು ಮಾರುವ ಒಂದು ಅಂಗಡಿಯಲ್ಲಿ. ಪ್ರವಾಸಿಗರಿಗಾಗಿ ಇಟ್ಟ ಅಂಗಡಿಗಳಲ್ಲಿ ಕಾರ್ಟೂನ್ ಚಿತ್ರದ ತೇಲುಬನಿಯನ್ನುಗಳೂ ಗಾಳಿ ತುಂಬುವ ಟ್ಯೂಬುಗಳೂ ರಾಶಿ ಇರುತ್ತವೆ. ಮೀನುಗಾರರ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಆದರೆ ಮಾರುವವರಿಗೆ ವಸ್ತುವಿನ ಗುಣ ಗೊತ್ತು. ಅಂಗಡಿಯವರು ಮೊದಲು ಕೇಳಿದ್ದು ವಯಸ್ಸನ್ನಲ್ಲ, ತೂಕವನ್ನು. “ಮಗೂನ ಕರ್ಕೊಂಡು ಬನ್ನಿ ಅಕ್ಕಾ, ಹಾಕಿ ನೋಡದೆ ಒಯ್ಯಬೇಡಿ, ಬೆಳಿತಾಳೆ ಅಂತ ದೊಡ್ಡದು ತಗೊಂಡ್ರೆ ಅದು ಅವಳನ್ನ ಎತ್ತೂದಿಲ್ಲ, ಅದೇ ಮೇಲೆ ಹೋಗ್ತದೆ” ಎಂದರು. ಸಮವಸ್ತ್ರವನ್ನೂ ಚಪ್ಪಲಿಯನ್ನೂ ಒಂದು ಅಳತೆ ದೊಡ್ಡದಾಗಿಯೇ ಕೊಳ್ಳುವ ನಮ್ಮಂಥ ಮನೆಗಳಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲ. ಸರಿಯಾದ ಅಳತೆಯನ್ನು ಪರೀಕ್ಷಿಸುವ ಕ್ರಮ ಸುಲಭ: ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಮಗುವಿನ ಎರಡೂ ಭುಜದ ಮೇಲಿನ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಬೇಕು, ಅದು ಗದ್ದ, ಕಿವಿಗಳ ತನಕ ಏರಿದರೆ ಆ ಜಾಕೆಟ್ ಆ ಮಗುವಿನದ್ದಲ್ಲ.

ಮಗಳ ತೂಕ 21 ಕೆ.ಜಿ. ಅವಳಿಗೆ 100ರ ದರ್ಜೆಯ, ಕಾಲರ್ ಇರುವ ಕೇಸರಿ ಜಾಕೆಟ್ ತೆಗೆದುಕೊಂಡೆವು. ಹನ್ನೆರಡರ ಮಗ ಈಜು ಬಲ್ಲವನು, 33 ಕೆ.ಜಿ. ಇದ್ದಾನೆ, ಎರಡು ಬಗೆಯನ್ನೂ ಹೋಲಿಸಿ ನೋಡುವ ಉದ್ದೇಶದಿಂದ ಅವನಿಗೆ ಕಾಲರ್ ಇಲ್ಲದ, ಮೈಗಂಟುವ 50ರ ದರ್ಜೆಯದನ್ನೂ, ಬೋಟಿಗಾಗಿ ಅವನ ತೂಕಕ್ಕೆ ಹೊಂದುವ 100ರದನ್ನೂ ಕೊಂಡೆವು. ಮಕ್ಕಳ ದೇಹದಲ್ಲಿ ತಲೆಯ ಪಾಲು ದೊಡ್ಡವರಿಗಿಂತ ಹೆಚ್ಚು, ಎದೆ ಮತ್ತು ಸೊಂಟಗಳ ಸುತ್ತಳತೆಯಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಹೀಗಾಗಿ ಜಾಕೆಟ್ ತಡೆಯಿಲ್ಲದೆ ಮೇಲಕ್ಕೆ ಜಾರುತ್ತದೆ, ತಲೆ ಮುಂದಕ್ಕೆ ವಾಲುತ್ತದೆ. ಜಾರುವುದನ್ನು ತೊಡೆಸಂದಿಯ ಪಟ್ಟಿ ತಡೆಯುತ್ತದೆ, ವಾಲುವುದನ್ನು ಕಾಲರ್ ತಡೆಯುತ್ತದೆ. ಕಾಲರಿನ ಹಿಂದೆ ಗಟ್ಟಿಯಾದ ಒಂದು ಹಿಡಿಕೆಯೂ ಇರಬೇಕು. ನೀರಿನಿಂದ ಬೋಟಿಗೆ ಮಗುವನ್ನು ಎಳೆದುಕೊಳ್ಳುವಾಗ ಒದ್ದೆ ಕೈ ಹಿಡಿಯುವುದಕ್ಕಿಂತ ಆ ಹಿಡಿಕೆ ಹಿಡಿಯುವುದು ಎಷ್ಟು ಸುಲಭ ಎಂಬುದು ಮಾಡಿ ನೋಡಿದವರಿಗೇ ಗೊತ್ತು.

ಮಾಜಾಳಿಯಲ್ಲಿ, ನನ್ನ ಸೊಂಟದ ಮಟ್ಟದ ನಿಂತ ನೀರಿನಲ್ಲಿ, ಅವರ ಅಪ್ಪ ಪಕ್ಕದಲ್ಲೇ ನಿಂತಿರುವಾಗ ಪರೀಕ್ಷೆ ಮಾಡಿದೆವು. ಕೈಕಾಲು ಸಡಿಲ ಬಿಟ್ಟು ಕವುಚಿ ಮಲಗಲು ಹೇಳಿದಾಗ ಮಗಳ ಜಾಕೆಟ್ ಅವಳನ್ನು ಒಂದೆರಡು ಕ್ಷಣದಲ್ಲಿ ಅಂಗಾತ ತಿರುಗಿಸಿತು. ಬಾಯಿ, ಮೂಗು ನೀರಿನಿಂದ ಚೆನ್ನಾಗಿ ಮೇಲಿದ್ದವು. ಮಗನ 50ರ ಜಾಕೆಟ್ ಅವನನ್ನು ಸೊಗಸಾಗಿ ತೇಲಿಸಿತು, ಈಜಲು ತೋಳಿಗೆ ಬೇಕಾದಷ್ಟು ಜಾಗ ಕೊಟ್ಟಿತು, ಆದರೆ ಕವುಚಿದವನನ್ನು ಕವುಚಿದಂತೆಯೇ ಬಿಟ್ಟಿತು. ಹೊಳೆಯಲ್ಲಿ ದಡದ ಹತ್ತಿರ, ದೊಡ್ಡವರ ಕಣ್ಣೆದುರು ಈಜುವ ಹುಡುಗನಿಗೆ ಅದು ಒಳ್ಳೆಯದು. ಅಳಿವೆ ದಾಟುವ ಬೋಟಿನಲ್ಲಿ ಯಾವ ಮಗುವಿಗೂ ಅದು ಸಾಲದು. ಅಂಗಡಿಯ ಒಳಗೆ ಹಾಕಿ ನೋಡಿದ್ದು ಅಳತೆಯನ್ನಷ್ಟೇ ಹೇಳುತ್ತದೆ. ಕೊಂಡ ಮೇಲೆ ಹೀಗೆ ನೀರಿಗಿಳಿಸಿ ನೋಡುವುದನ್ನು ಯಾರೂ ಬಿಡಬಾರದು. ಇದರಿಂದ ಇನ್ನೊಂದು ಲಾಭವೂ ಆಯಿತು. ಜಾಕೆಟ್ ತನ್ನನ್ನು ಹೊರುತ್ತದೆ ಎಂದು ಮೈಯಿಂದಲೇ ಅರಿತ ಮಗು ಗಾಬರಿಯಾಗಿ ಕೈಕಾಲು ಬಡಿಯುವುದಿಲ್ಲ.

ಬಣ್ಣದ ವಿಚಾರದಲ್ಲಿ ಮಗಳು ನೀಲಿ ಬೇಕೆಂದು ಹಟ ಮಾಡಿದಳು, ನಾವು ಒಪ್ಪಲಿಲ್ಲ. ನೀಲಿಯೂ ಹಸಿರೂ ಕಡಲಿನಲ್ಲಿ ಕೆಲವೇ ಮಾರು ದೂರಕ್ಕೆ ಕರಗಿಹೋಗುತ್ತವೆ. ಕೇಸರಿ, ಕಡು ಹಳದಿಗಳು ಮಾತ್ರ ಅಲೆಯ ನಡುವೆ ಉಳಿಯುತ್ತವೆ. ಸೀಟಿಯನ್ನು ದಾರದಿಂದ ಕಟ್ಟಿ ಕೊಟ್ಟಿದ್ದಾರೆ, ಸದ್ದು ಚೆನ್ನಾಗಿದೆ.

ಇನ್ನು ಕೊರತೆಗಳು. ದೊಡ್ಡ ಕೊರತೆ ಎಂದರೆ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದ ಉಷ್ಣಾಂಶದ ಅಂಕಿ ಬಯಲುಸೀಮೆಯಷ್ಟು ಏರದಿದ್ದರೂ ಗಾಳಿಯಲ್ಲಿನ ತೇವದಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಅದರ ಮೇಲೆ ಎದೆ, ಬೆನ್ನುಗಳನ್ನು ಎರಡು ಬೆರಳು ದಪ್ಪದ ಫೋಮಿನಿಂದ ಮುಚ್ಚಿದರೆ ಮಗುವಿಗೆ ಎಷ್ಟು ಕಷ್ಟವಾಗಬಹುದೆಂದು ಬೇರೆ ಹೇಳಬೇಕಿಲ್ಲ. ಬೋಟು ಬರುವುದು ತಡವಾಗಿ ಧಕ್ಕೆಯ ಬಿಸಿಲಿನಲ್ಲಿ ಕಾಯುವಾಗ ಮಗಳ ಮುಖ ಕೆಂಪಗಾಗಿ ತಲೆನೋವು ಎನ್ನತೊಡಗಿದಳು. ಅಂದಿನಿಂದ ನಾವು ಪಾಲಿಸುವ ಕ್ರಮ ಇಷ್ಟು: ಬೋಟಿನ ಬುಡದಲ್ಲಿ ಹಾಕಿಸಬೇಕು, ನೀರಿನ ಮೇಲಿರುವಷ್ಟು ಹೊತ್ತು ಒಂದು ಬಕಲ್ ಕೂಡ ಸಡಿಲಿಸಬಾರದು, ದಡ ಮುಟ್ಟಿದ ಕೂಡಲೇ ನೆರಳಿಗೆ ಒಯ್ದು ಬಿಚ್ಚಬೇಕು. ಒಳಗೆ ತೆಳು ಹತ್ತಿಯ ತುಂಬುತೋಳಿನ ಅಂಗಿ ಇದ್ದರೆ ಬಿಸಿಲೂ ತಗಲುವುದಿಲ್ಲ, ಕಾಲರಿನ ಅಂಚು ಕುತ್ತಿಗೆಯನ್ನು ಉಜ್ಜುವುದೂ ಇಲ್ಲ. ಸನ್‌ಸ್ಕ್ರೀನ್ ಹಚ್ಚಿದರೂ ಕಾಲರಿನ ತಿಕ್ಕಿಗೆ ಅದು ಕುತ್ತಿಗೆಯ ಮೇಲೆ ನಿಲ್ಲುವುದಿಲ್ಲ. ಹತ್ತುವ ಮೊದಲೂ ಇಳಿದ ಮೇಲೂ ಸೀಯಾಳ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲು ಪಾನಕ ಕುಡಿಸುತ್ತೇವೆ. ತಲೆನೋವು, ವಾಕರಿಕೆ, ಮಂಕು ಕಂಡರೆ ಅಂದಿನ ವಿಹಾರ ಅಲ್ಲಿಗೆ ನಿಲ್ಲಬೇಕು. ಮೈ ಕಾದು ಮಾತು ತೊದಲತೊಡಗಿದರೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡುವುದಕ್ಕೆ ತಡಮಾಡಬಾರದು.

ಇದೇ ಕಾರಣಕ್ಕೆ ಹೊತ್ತಿನ ಆಯ್ಕೆ ಜಾಕೆಟಿನಷ್ಟೇ ಮುಖ್ಯ. ಬೇಸಿಗೆಯ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ, ಅಳಿವೆಯ ಬಾಯಲ್ಲಿ ನೀರು ಕುದಿಯತೊಡಗುತ್ತದೆ. ಮಕ್ಕಳಿರುವ ಬೋಟಿಗೆ ಬೆಳಗಿನ ಹೊತ್ತೇ ಸರಿ. ಆದರೆ ಬೆಳಗಿನ ಜಾವ ಬೀಸುವುದು ನೆಲದಿಂದ ಕಡಲಿಗೆ ಹೋಗುವ ಗಾಳಿ. ಕನ್ನಡಿಯಂತೆ ಕಾಣುವ ಆ ನೀರಿನಲ್ಲಿ ಗಾಳಿ ತುಂಬಿದ ಟ್ಯೂಬಿನ ಮೇಲೆ ಮಗುವನ್ನು ಕೂರಿಸಿದರೆ, ಪೋಷಕರು ಮೊಬೈಲಿನಲ್ಲಿ ಫೋಟೊ ತೆಗೆಯುವಷ್ಟರಲ್ಲಿ ಅದು ಕೈಗೆ ಸಿಗದಷ್ಟು ದೂರ ಸರಿದಿರುತ್ತದೆ. ಟ್ಯೂಬು, ತೋಳಿಗೆ ಕಟ್ಟುವ ಗಾಳಿಚೀಲಗಳು ಆಟದ ಸಾಮಾನುಗಳು. ಅವನ್ನು ಜಾಕೆಟಿನ ಬದಲಿಗೆ ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜಾಕೆಟ್ ಏನನ್ನು ಮಾಡಲಾರದು ಎಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಅಪಾಯಕಾರಿಯಾಗುತ್ತದೆ. ಅದು ತೇಲಿಸುತ್ತದೆ, ಸೆಳವನ್ನು ತಡೆಯುವುದಿಲ್ಲ. ದಡಕ್ಕೆ ಬಂದ ಅಲೆಗಳ ನೀರು ಒಂದು ಇಕ್ಕಟ್ಟಾದ ಹಾದಿಯಲ್ಲಿ ರಭಸದಿಂದ ಹಿಂದಿರುಗುವ ಸೆಳವಿಗೆ ಸಿಕ್ಕ ಮಗು ಜಾಕೆಟಿನ ಸಮೇತ ಹೊರಗೆ ಹೋಗುತ್ತದೆ. ಆಗ ದಡದ ಕಡೆಗೆ ಎದುರೀಜದೆ ದಡಕ್ಕೆ ಸಮಾನಾಂತರವಾಗಿ ಸರಿದು ಸೆಳವಿನಿಂದ ಹೊರಬರಬೇಕೆಂಬುದನ್ನು ದೊಡ್ಡವರು ತಿಳಿದಿರಬೇಕು. ಎರಡು ಅಲೆಸಾಲುಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ಜಾಗವೇ ಬಹಳ ಸಲ ಸೆಳವಿನ ಹಾದಿ. ಅಲೆ ಇಲ್ಲವೆಂದು ಮಕ್ಕಳನ್ನು ಅಲ್ಲಿಯೇ ಇಳಿಸುವವರನ್ನು ನೋಡಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಬೋಟಿನಲ್ಲಿರಲಿಲ್ಲ, ದಡದ ಅಲೆಗಳಲ್ಲಿದ್ದರು. ಕೆಂಪು–ಹಳದಿ ಬಾವುಟಗಳ ನಡುವಿನ, ಜೀವರಕ್ಷಕರ ಕಣ್ಣಿಗೆ ಬೀಳುವ ಜಾಗದಲ್ಲಿ ಮಾತ್ರ ಇಳಿಯುವುದು, ಕೆಂಪು ಬಾವುಟ ಹಾರುತ್ತಿದ್ದರೆ ಪಾದವನ್ನೂ ತೋಯಿಸದೆ ಹಿಂದಿರುಗುವುದು, ಮಗು ಜಾಕೆಟ್ ಹಾಕಿದ್ದರೂ ಕೈಗೆಟಕುವ ದೂರದಲ್ಲೇ ಒಬ್ಬರು ಇರುವುದು, ಇವಕ್ಕೆ ಬದಲಿ ಇಲ್ಲ. ಮುಳುಗುವ ಮಗು ಕೂಗುವುದಿಲ್ಲ; ಉಸಿರಿಗೇ ಪರದಾಡುವಾಗ ಕೂಗಲು ಅದಕ್ಕೆ ಉಸಿರು ಉಳಿದಿರುವುದಿಲ್ಲ. ಕಡಲಿನಲ್ಲಿ ಅವಘಡ ಕಂಡರೆ ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದ್ದು 1554. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಬಹುದು.

ಛಾವಣಿ ಇರುವ ಬೋಟಿನ ಬಗ್ಗೆ ಒಂದು ಮಾತು. ಬೋಟು ಮಗುಚಿದರೆ ಒಳಗಿನವರನ್ನು ಜಾಕೆಟ್ ಮೇಲಕ್ಕೆ ಎತ್ತಿ ಛಾವಣಿಗೇ ಒತ್ತಿ ಹಿಡಿಯಬಲ್ಲದು. ಆದ್ದರಿಂದ ಮಕ್ಕಳನ್ನು ಮುಚ್ಚಿದ ಮೂಲೆಯಲ್ಲಿ ಕೂರಿಸದೆ, ತೆರೆದ ಬದಿಗೆ ಹತ್ತಿರ, ದೊಡ್ಡವರ ಪಕ್ಕದಲ್ಲಿ ಕೂರಿಸಬೇಕು. ಸರಿಯಾದ ಅಳತೆಯ ಜಾಕೆಟ್ ಸಿಗದಷ್ಟು ಚಿಕ್ಕ ಕೂಸನ್ನು ಬೋಟಿಗೆ ಹತ್ತಿಸದಿರುವುದೇ ಒಳ್ಳೆಯದು. ಅಜ್ಜಿಯ ಜೊತೆ ದಡದ ನೆರಳಿನಲ್ಲಿ ಅದಕ್ಕೆ ಹೆಚ್ಚು ಸುಖ.

ಹೊಳೆಯಲ್ಲಿ ಅನುಭವ ಬೇರೆ. ಯಾಣದ ಹತ್ತಿರದ ವಿಭೂತಿ ಜಲಪಾತದ ಬುಡದಲ್ಲಿ, ಸಹಸ್ರಲಿಂಗದ ಕಡೆ ಶಾಲ್ಮಲೆಯ ಮಡುಗಳಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಂತೆ ಕಾಣುತ್ತದೆ, ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ, ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ಆಳಕ್ಕಿಳಿಯುತ್ತದೆ. ಉಪ್ಪುನೀರಿಗೆ ಹೋಲಿಸಿದರೆ ಸಿಹಿನೀರು ಮೈಯನ್ನು ತುಸು ಕಡಿಮೆ ಹೊರುತ್ತದೆ, ಕಡಲಿನಲ್ಲಿ ತೇಲಿ ಅಭ್ಯಾಸವಾದ ಮಕ್ಕಳಿಗೆ ಇದು ತಿಳಿಯುವುದಿಲ್ಲ. ಇಲ್ಲಿ ಮಗನ 50ರ ಜಾಕೆಟ್ ತನ್ನ ಬೆಲೆಯನ್ನು ಸಾರ್ಥಕಪಡಿಸಿತು: ಕಲ್ಲಿಗೆ ಎದೆ ಬಡಿಯುವುದನ್ನೂ ತಡೆಯಿತು, ಈಜಿಗೂ ಅಡ್ಡ ಬರಲಿಲ್ಲ. ಕಾಳಿಯಲ್ಲಿ ಮಾತ್ರ ಕದ್ರಾದಂಥ ಅಣೆಕಟ್ಟುಗಳ ಕೆಳಗೆ ನೀರು ಬಿಟ್ಟಾಗ ಮಟ್ಟ ಬೇಗ ಏರುವುದರಿಂದ ಊರವರನ್ನು ಕೇಳದೆ ಇಳಿಯಬಾರದು. ಗಣೇಶಗುಡಿಯ ರಾಫ್ಟಿಂಗ್ ಕೂಡ ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನೇ ನಂಬಿ ನಡೆಯುತ್ತದೆ. ಅಲ್ಲಿ ಕಲ್ಲುಗಳ ನಡುವಿನ ರಭಸಕ್ಕೆಂದೇ ಮಾಡಿದ ಜಾಕೆಟ್ ಮತ್ತು ಹೆಲ್ಮೆಟ್ ಬೇಕು, ನಮ್ಮದನ್ನು ಹಾಕಿಕೊಳ್ಳುತ್ತೇವೆಂದು ಹಟ ಹಿಡಿಯಬಾರದು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಹೊಲಿಗೆ, ಬಟ್ಟೆ ಈವರೆಗೆ ಚೆನ್ನಾಗಿವೆ. ಜಿಪ್ ಮಾತ್ರ ಉಪ್ಪಿಗೆ ಬೇಗ ಬಿಗಿಯಾಗುತ್ತದೆ, ಆದ್ದರಿಂದ ಜಿಪ್ ಮಾತ್ರ ಇರುವ ಮಾದರಿಗಿಂತ ಬಕಲ್ ಇರುವ ಮಾದರಿಯೇ ನಮ್ಮ ಕರಾವಳಿಗೆ ಸರಿ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಅದ್ದಿ ತೊಳೆದು, ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ ಆರಿಸಬೇಕು. ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಫೋಮು ಹಾಳಾಗುತ್ತದೆ. ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಮಳೆಗಾಲದಲ್ಲಿ ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ, ಅಟ್ಟಕ್ಕೆ ಎಸೆದರೆ ಇಲಿ ಫೋಮನ್ನು ಕಡಿಯುತ್ತದೆ. ಅಗಲವಾದ ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಕೋಣೆಯಲ್ಲಿ ತೂಗಿಹಾಕಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವ ಕಡಲಿಗೆ ಕುಟುಂಬಗಳು ಇಳಿಯುವ ಪ್ರಶ್ನೆಯೇ ಇಲ್ಲ; ಮೇ ಕೊನೆಯ ವಾರದಿಂದಲೇ ಅಲೆಗಳು ಬದಲಾಗುವುದರಿಂದ ನಾವು ಅದಕ್ಕೂ ಮೊದಲೇ ಕಡಲಿನ ವಿಹಾರ ಮುಗಿಸಿದೆವು.

ಬೆಲೆಯಲ್ಲಿ ಕಾಲರ್ ಇರುವ ಮಕ್ಕಳ ಜಾಕೆಟ್ ಸಾಮಾನ್ಯ ಕೇಸರಿ ಜಾಕೆಟಿನ ಎರಡು ಮೂರು ಪಟ್ಟು ಆಗುತ್ತದೆ, ಮಗು ಬೆಳೆದಂತೆ ಬದಲಿಸಬೇಕಾಗುವುದರಿಂದ ಖರ್ಚು ಸಣ್ಣದಲ್ಲ. ಇದಕ್ಕೆ ನಮ್ಮ ಕಡೆ ಸುಲಭದ ದಾರಿ ಇದೆ: ರಜೆಗೆ ಅಜ್ಜನಮನೆಯಲ್ಲಿ ಸೇರುವ ಮೊಮ್ಮಕ್ಕಳ ನಡುವೆ ಜಾಕೆಟ್‌ಗಳು ಕೈ ಬದಲಿಸಬಹುದು. ಒಳಬದಿಯಲ್ಲಿ ಕೊಂಡ ವರ್ಷವನ್ನೂ ತೂಕದ ಮಿತಿಯನ್ನೂ ಅಳಿಸದ ಶಾಯಿಯಲ್ಲಿ ಬರೆದಿಟ್ಟಿದ್ದೇವೆ. ಬರುವ ಬೇಸಿಗೆಗೆ ಮಗಳ ತೂಕ ಚೀಟಿಯಲ್ಲಿನ ಮಿತಿ ದಾಟಿದರೆ ಅವಳದ್ದು ನನ್ನ ತಮ್ಮನ ಮಗನಿಗೆ ಹೋಗುತ್ತದೆ, ಹೋಗುವ ಮೊದಲು ಫೋಮು ಒತ್ತಿ, ಪಟ್ಟಿ ಜಗ್ಗಿ, ನೀರಿನಲ್ಲಿ ತೇಲಿಸಿ ನೋಡಿಯೇ ಕೊಡುತ್ತೇವೆ.